ಮುಂಬಯಿಯಲ್ಲಿ ಅಂತ್ಯಸಂಸ್ಕಾರ: ಮೊದಲೇ ಯೋಚಿಸಬೇಕಾದ ಕರ್ತವ್ಯ

(ಕುರ್ಲಾದ ನಮ್ಮ ಶಾಖಾಮಠದಲ್ಲಿ ಪಕ್ಷಮಾಸದ ನಿಮಿತ್ತ ಏರ್ಪಟ್ಟ ಉಪನ್ಯಾಸಮಾಲೆಯಲ್ಲಿ ನಿವೃತ್ತ ರೈಲ್ವೆ ಇಂಜಿನಿಯರರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥



ಪಕ್ಷಮಾಸದ ಈ ದಿನಗಳಲ್ಲಿ ನಾವೆಲ್ಲರೂ ನಮ್ಮನ್ನು ಅಗಲಿದ ಹಿರಿಯರನ್ನು ಸ್ಮರಿಸುತ್ತೇವೆ. ತಿಥಿ ತಪ್ಪದಂತೆ ಶ್ರಾದ್ಧ ಮಾಡುತ್ತೇವೆ. ಆದರೆ ಶ್ರಾದ್ಧಕ್ಕೆ ಮೊದಲ ಮೆಟ್ಟಿಲಾದ ಅಂತ್ಯೇಷ್ಟಿಯ ವಿಷಯ ಬಂದೊಡನೆ ಮನೆಯಲ್ಲಿ ಎಲ್ಲರೂ ಮಾತು ತಪ್ಪಿಸುತ್ತೇವೆ. “ಬಿಡ್ತು ಅನ್ನಿ” ಎಂದು ಹಿರಿಯರ ಬಾಯಿ ಮುಚ್ಚಿಸುತ್ತೇವೆ. ಉಪನಯನ, ವಿವಾಹಗಳಿಗೆ ಆರು ತಿಂಗಳ ಮೊದಲೇ ಸಭಾಗೃಹ ಕಾದಿರಿಸುವ ನಾವು, ಷೋಡಶ ಸಂಸ್ಕಾರಗಳಲ್ಲಿ ಕೊನೆಯದಾದ, ಯಾರಿಗೂ ತಪ್ಪದ ಈ ಸಂಸ್ಕಾರವನ್ನು ಮಾತ್ರ ಒಂದು ರಾತ್ರಿಯ ಗಾಬರಿಗೆ ಬಿಟ್ಟುಬಿಡುತ್ತೇವೆ. ಇಂದಿನ ನನ್ನ ಮಾತಿನ ಸಾರವಿಷ್ಟೇ: ನಮ್ಮ ಅಂತ್ಯಸಂಸ್ಕಾರ ಹೇಗೆ, ಎಲ್ಲಿ, ಯಾರಿಂದ ಆಗಬೇಕೆಂಬುದನ್ನು ನಾವು ಎಚ್ಚರವಿದ್ದಾಗಲೇ ನಿಶ್ಚಯಿಸಿ, ಮನೆಯವರಿಗೆ ತಿಳಿಸಿ, ಬರೆದಿಡುವುದು ಅಮಂಗಲವಲ್ಲ, ಕರ್ತವ್ಯ.

ನಾನು ಶಾಸ್ತ್ರಪಂಡಿತನಲ್ಲ. ಡಿಪ್ಲೊಮಾ ಮುಗಿಸಿ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಶಾಸ್ತ್ರದ ನಿರ್ಣಯವನ್ನು ಹೇಳಬೇಕಾದವರು ವೇದಿಕೆಯಲ್ಲಿರುವ ಆಚಾರ್ಯರು. ಈ ನಗರದಲ್ಲಿ ಆ ನಿರ್ಣಯವನ್ನು ಆಚರಣೆಗೆ ತರಲು ಏನೇನು ಸಿದ್ಧತೆ ಬೇಕೆಂಬುದನ್ನಷ್ಟೇ ನಾನು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಉಪನಗರದ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಹೆಸರು ಬೇಡ. ಮನೆಯ ಯಜಮಾನರು ರಾತ್ರಿ ಹನ್ನೊಂದರ ಹೊತ್ತಿಗೆ ಮಲಗಿದಲ್ಲಿಯೇ ಹರಿಪಾದ ಸೇರಿದರು. ಬಹಳ ಕಾಲದಿಂದ ನೋಡುತ್ತಿದ್ದ ವೈದ್ಯರು ಚಿಕಿತ್ಸಾಲಯವನ್ನು ಮುಚ್ಚಿ ಪುಣೆಗೆ ಹೋಗಿದ್ದರು. ಹೊಸದಾಗಿ ಕರೆತಂದ ವೈದ್ಯರು, “ನಾನು ಇವರನ್ನು ಎಂದೂ ಪರೀಕ್ಷಿಸಿದವನಲ್ಲ, ಮರಣಪತ್ರಕ್ಕೆ ಹೇಗೆ ಸಹಿ ಮಾಡಲಿ?” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಮೆರಿಕದಲ್ಲಿದ್ದ ಹಿರಿಯ ಮಗ “ನಾನು ಬರುವವರೆಗೆ ಕಾಯಿರಿ” ಎಂದ. ಊರಿನಿಂದ ಚಿಕ್ಕಪ್ಪನವರು “ಅಣ್ಣನನ್ನು ಊರಿಗೇ ತನ್ನಿ” ಎಂದು ಹಟ ಹಿಡಿದರು. ನೆರೆಯವರು ವಿದ್ಯುತ್ ಚಿತಾಗಾರ ಎಂದರು. ಸೋದರತ್ತೆ ಕಟ್ಟಿಗೆಯೇ ಆಗಬೇಕೆಂದರು. ದೇಹ ಶವಾಗಾರದಲ್ಲಿ ಉಳಿಯಿತು. ಮೂರನೆಯ ದಿನ ಸಂಸ್ಕಾರವಾದಾಗ ಅಣ್ಣತಮ್ಮಂದಿರು ಪರಸ್ಪರ ಮಾತನಾಡುತ್ತಿರಲಿಲ್ಲ. ಆ ತಾಯಿ ನಮ್ಮ ಮನೆಯವರೊಡನೆ ಹೇಳಿದ ಮಾತು ಇದು: “ಹೋದ ದೀಪಾವಳಿಯಲ್ಲಿ ಇವರೇ ಎಲ್ಲವನ್ನೂ ಹೇಳಹೊರಟಿದ್ದರು. ಹಬ್ಬದ ದಿನ ಅದೇನು ಮಾತು ಎಂದು ನಾವೇ ತಡೆದೆವು.”

ಇಲ್ಲಿ ದುಷ್ಟರು ಯಾರೂ ಇಲ್ಲ. ಎಲ್ಲರೂ ಪ್ರೀತಿಯಿಂದಲೇ ಮಾತನಾಡಿದವರು. ನಿರ್ಣಯವೊಂದು ಇರಲಿಲ್ಲ, ಅಷ್ಟೆ.

ಸಂಸ್ಕಾರದ ಪ್ರಕಾರವನ್ನು ಆರಿಸುವುದೆಂದರೆ ಶಾಸ್ತ್ರವನ್ನು ಮೀರುವುದೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ವ್ಯಕ್ತಿಯನ್ನೂ ಸಂದರ್ಭವನ್ನೂ ನೋಡಿ ಶಾಸ್ತ್ರವೇ ಬೇರೆ ಬೇರೆ ಪ್ರಕಾರಗಳನ್ನು ವಿಧಿಸಿದೆ. ಗೃಹಸ್ಥನಿಗೆ ದಹನ. ಯತಿಗಳಿಗೆ ದಹನವಿಲ್ಲ, ವೃಂದಾವನ. ಎರಡು ವರ್ಷ ತುಂಬದ ಶಿಶುವಿಗೆ ಖನನವನ್ನು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ದೂರದೇಶದಲ್ಲಿ ಮೃತನಾಗಿ ದೇಹವೇ ದೊರೆಯದಿದ್ದರೆ 360 ಮುತ್ತುಗದ ಎಲೆಯ ತೊಟ್ಟುಗಳಿಂದ ಪ್ರತಿಕೃತಿಯನ್ನು ಮಾಡಿ ದಹಿಸುವ ವಿಧಿಯಿದೆ. ಸಂಸ್ಕಾರ ಲೋಪವಾಗಬಾರದೆಂಬುದೇ ಋಷಿಗಳ ಕಾಳಜಿ.

ಈ ಕಾಳಜಿಯ ಬೆಲೆ ನಮಗೆ 2020 ಮತ್ತು 2021ರಲ್ಲಿ ತಿಳಿಯಿತು. ಕೊರೋನಾ ಕಾಲದಲ್ಲಿ ಎಷ್ಟೋ ಮಕ್ಕಳು ತಂದೆತಾಯಿಯರ ಮುಖವನ್ನೂ ಸರಿಯಾಗಿ ಕಾಣಲಿಲ್ಲ. ಆದರೂ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 15ರಂದು ಹೊರಡಿಸಿದ ಮಾರ್ಗಸೂಚಿಯು ದೇಹವನ್ನು ಮುಟ್ಟದೆ ಮಂತ್ರ ಪಠಿಸಲು, ತೀರ್ಥ ಪ್ರೋಕ್ಷಿಸಲು, ಆನಂತರ ಅಸ್ಥಿಯನ್ನು ಪಡೆಯಲು ಅವಕಾಶ ಕೊಟ್ಟಿತ್ತು. ಇದನ್ನು ತಿಳಿದಿದ್ದವರು ಅಷ್ಟನ್ನಾದರೂ ಮಾಡಿದರು. ತಿಳಿಯದವರು ಬರಿಗೈಯಲ್ಲಿ ಮರಳಿದರು. ಕಷ್ಟಕಾಲದಲ್ಲಿಯೂ ಮೊದಲೇ ತಿಳಿದಿರುವುದರಿಂದ ಇಷ್ಟು ವ್ಯತ್ಯಾಸವಾಗುತ್ತದೆ.

ಈಗ ಕಟ್ಟಿಗೆಯೋ ವಿದ್ಯುತ್ತೋ ಎಂಬ ಪ್ರಶ್ನೆಗೆ ಬರೋಣ. ಕಟ್ಟಿಗೆಯ ಚಿತೆಗೆ ಸುಮಾರು 300 ಕಿಲೋ ಸೌದೆ ಬೇಕು. ಮುಂಬಯಿ ಮಹಾನಗರಪಾಲಿಕೆ ತನ್ನ ಸ್ಮಶಾನಗಳಲ್ಲಿ ಇಷ್ಟು ಕಟ್ಟಿಗೆಯನ್ನು ಉಚಿತವಾಗಿ ಒದಗಿಸುತ್ತದೆ. ಚಿತೆ ಪೂರ್ಣವಾಗಿ ಉರಿದು ಶಾಂತವಾಗಲು ಹಲವು ಗಂಟೆಗಳು ಬೇಕು. ಅಸ್ಥಿಸಂಚಯನ ಸಾಮಾನ್ಯವಾಗಿ ಮರುದಿನ. ಮಳೆಗಾಲದಲ್ಲಿ ಸೌದೆ ತೇವವಾಗಿದ್ದರೆ ಇನ್ನೂ ವಿಳಂಬ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ನ್ನು ಕುರ್ಲಾದವರಿಗೆ ನೆನಪಿಸಬೇಕಾಗಿಲ್ಲ. ಮಿಠಿ ನದಿ ಮನೆಯೊಳಗೆ ಬಂದ ಅಂತಹ ದಿನಗಳಲ್ಲಿ ಒಣ ಕಟ್ಟಿಗೆಯನ್ನು ಎಲ್ಲಿಂದ ತರುವುದು?

ವಿದ್ಯುತ್ ಚಿತಾಗಾರದಲ್ಲಿ ಕುಲುಮೆಯ ಗೋಡೆಗಳಲ್ಲಿರುವ ಸುರುಳಿಗಳು ಕಾದು ಒಳಗಿನ ಉಷ್ಣತೆ ಸುಮಾರು 800 ಡಿಗ್ರಿಯವರೆಗೆ ಏರುತ್ತದೆ. ಕೊಳವೆ ಅನಿಲದ ಚಿತಾಗಾರದಲ್ಲಿ ನೇರವಾಗಿ ಜ್ವಾಲೆಯೇ ಇರುತ್ತದೆ. ಎರಡರಲ್ಲಿಯೂ ಒಂದೆರಡು ಗಂಟೆಗಳಲ್ಲಿ ಕಾರ್ಯ ಮುಗಿದು ಅಸ್ಥಿ ಅದೇ ದಿನ ಕೈಸೇರುತ್ತದೆ. ಆದರೆ ಕುಲುಮೆ ಎಂದರೆ ಯಂತ್ರ. ಯಂತ್ರಕ್ಕೆ ದುರಸ್ತಿ ತಪ್ಪಿದ್ದಲ್ಲ. ಕುರ್ಲಾ ಸುತ್ತಮುತ್ತಲಿನವರಿಗೆ ಸಯನ್, ಚೆಂಬೂರಿನ ಚರಾಯಿ ಮೊದಲಾದ ಸ್ಮಶಾನಗಳು ಪರಿಚಿತ. ಹೊರಡುವ ಮೊದಲು ದೂರವಾಣಿಯಲ್ಲಿ ವಿಚಾರಿಸಿಕೊಂಡರೆ, ಅಲ್ಲಿಗೆ ಹೋದಮೇಲೆ “ಕುಲುಮೆ ಬಂದಾಗಿದೆ” ಎಂಬ ಮಾತು ಕೇಳುವುದು ತಪ್ಪುತ್ತದೆ.

ಕುಲುಮೆಗೆ ಒಯ್ಯುವಾಗ ಒಂದು ಎಚ್ಚರ ಅವಶ್ಯಕ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಾಗಿದ್ದರೆ ಅದನ್ನು ವೈದ್ಯರಿಂದ ಮೊದಲೇ ತೆಗೆಸಬೇಕು. ಅದರಲ್ಲಿರುವ ಬ್ಯಾಟರಿ ಶಾಖಕ್ಕೆ ಸಿಡಿಯುತ್ತದೆ. ಕುಲುಮೆಗೂ ಅಲ್ಲಿ ದುಡಿಯುವವರಿಗೂ ಅಪಾಯ. ಕಟ್ಟಿಗೆಯ ಚಿತೆಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯವರಿಗೆ ಈ ವಿಷಯ ನೆನಪಿರುವುದಿಲ್ಲ, ಬರೆದಿಟ್ಟಿದ್ದರೆ ನೆನಪಾಗುತ್ತದೆ.

“ಕುಲುಮೆಯಲ್ಲಿ ಕ್ರಿಯೆ ಹೇಗೆ?” ಎಂಬುದು ನಮ್ಮ ಹಿರಿಯರ ಸಹಜವಾದ ಸಂದೇಹ. ಸ್ನಾನ, ಗೋಪೀಚಂದನ, ಬಾಯಿಗೆ ಗಂಗೋದಕ ಮತ್ತು ತುಳಸಿ, ಕರ್ತೃವಿನ ಸಂಕಲ್ಪ, ಮಂತ್ರೋಚ್ಚಾರ ಇವೆಲ್ಲ ಕುಲುಮೆಯ ಬಾಗಿಲಿಗೆ ಬರುವ ಮೊದಲೇ ಆಗುತ್ತವೆ. ನೀರಿನ ಕೊಡವನ್ನು ಹೆಗಲಿಗೇರಿಸಿ ಮೂರು ಸುತ್ತು ಬರುವುದನ್ನು ದೇಹವನ್ನು ಇರಿಸಿದ ಬಂಡಿಯ ಸುತ್ತ ನೆರವೇರಿಸುವವರಿದ್ದಾರೆ. ಕರ್ತೃವು ಕರ್ಪೂರದಿಂದಲೋ ಸಣ್ಣ ಸಮಿತ್ತಿನಿಂದಲೋ ಮಂತ್ರಪೂರ್ವಕವಾಗಿ ಅಗ್ನಿಸ್ಪರ್ಶ ಮಾಡಿದ ಬಳಿಕ ಬಂಡಿ ಒಳಗೆ ಸರಿಯುತ್ತದೆ. ಇದಕ್ಕೆ ಒಪ್ಪುವ ಪುರೋಹಿತರೂ ಇದ್ದಾರೆ. ಕಟ್ಟಿಗೆಯ ಚಿತೆಯೇ ಆಗಬೇಕೆನ್ನುವವರೂ ಇದ್ದಾರೆ. ಇಬ್ಬರಲ್ಲಿಯೂ ನನಗೆ ಗೌರವವಿದೆ. ನಿಮ್ಮ ಮನೆಯ ಪುರೋಹಿತರ ಅಭಿಪ್ರಾಯವನ್ನು ಇಂದೇ ಕೇಳಿಕೊಳ್ಳಿ. ಸ್ಮಶಾನದ ಬಾಗಿಲಲ್ಲಿ ನಿಂತು ಚರ್ಚಿಸುವ ವಿಷಯ ಇದಲ್ಲ.

ನನ್ನ ಅಲ್ಪಮತಿಗೆ ತೋರುವುದಿಷ್ಟು. ಶ್ರಾದ್ಧದಲ್ಲಿ ನಾವು ತಂದೆಯ ಸ್ಥಾನದಲ್ಲಿ ವಸುಗಳ ಅಂತರ್ಗತನಾದ ಪ್ರದ್ಯುಮ್ನನನ್ನೂ, ಅಜ್ಜನ ಸ್ಥಾನದಲ್ಲಿ ರುದ್ರರ ಅಂತರ್ಗತನಾದ ಸಂಕರ್ಷಣನನ್ನೂ, ಮುತ್ತಜ್ಜನ ಸ್ಥಾನದಲ್ಲಿ ಆದಿತ್ಯರ ಅಂತರ್ಗತನಾದ ವಾಸುದೇವನನ್ನೂ ಚಿಂತಿಸುತ್ತೇವೆ. ಕೊಟ್ಟದ್ದನ್ನು ಸ್ವೀಕರಿಸಿ ಪಿತೃಗಳಿಗೆ ತಲುಪಿಸುವವನು ಅಂತರ್ಯಾಮಿಯಾದ ಶ್ರೀಹರಿ ಎಂಬುದು ನಮ್ಮ ಸಿದ್ಧಾಂತ. ಅಗ್ನಿಯಲ್ಲಿಯೂ ಅವನೇ ಇರುವಾಗ, ಸೌದೆ ಎಷ್ಟು ಮಣ, ಗಂಧದ ಚಕ್ಕೆ ಎಷ್ಟು ಎಂಬ ಲೆಕ್ಕಕ್ಕಿಂತ ಅನುಸಂಧಾನವೇ ಹೆಚ್ಚಿನದಲ್ಲವೇ?

ಎರಡನೆಯದು, ಊರಿಗೆ ಒಯ್ಯುವ ಪ್ರಶ್ನೆ. ನಮ್ಮಲ್ಲಿ ಉಡುಪಿ, ಕುಂದಾಪುರದ ಕಡೆಯವರಿದ್ದಾರೆ. ವಿಜಯಪುರ, ಬಾಗಲಕೋಟೆ, ರಾಯಚೂರು, ಧಾರವಾಡದ ಕಡೆಯವರೂ ಇದ್ದಾರೆ. ಹುಟ್ಟಿದ ನೆಲದಲ್ಲಿಯೇ ಮಣ್ಣಾಗಬೇಕೆಂಬ ಆಸೆ ಯಾರಿಗಿಲ್ಲ? ಆದರೆ ದೂರ ಒಯ್ಯಬೇಕಾದರೆ ದೇಹಕ್ಕೆ ರಾಸಾಯನಿಕ ತುಂಬಿಸಿ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು. ವೈದ್ಯರ ಪ್ರಮಾಣಪತ್ರ ಬೇಕು. ಅಪಘಾತದ ಪ್ರಕರಣವಾದರೆ ಪೊಲೀಸರ ಪತ್ರವೂ ಬೇಕು. ಇಷ್ಟರಲ್ಲಿ ಒಂದೆರಡು ರಾತ್ರಿಗಳು ಕಳೆಯುತ್ತವೆ. ದೇಹವನ್ನು ರಾತ್ರಿ ಕಳೆಯುವಂತೆ ಇರಿಸಿದರೆ ಪರ್ಯುಷಿತ ದೋಷವೆಂದೂ ಅದಕ್ಕೆ ಪ್ರಾಯಶ್ಚಿತ್ತವೆಂದೂ ಪುರೋಹಿತರು ಹೇಳುತ್ತಾರೆ. ದಹನವನ್ನು ಇಲ್ಲಿಯೇ ಮುಗಿಸಿ ಅಸ್ಥಿಯನ್ನು ಊರಿಗೆ ಒಯ್ಯುವುದು ನನಗೆ ಉಚಿತವಾಗಿ ತೋರುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಮತ್ಸ್ಯಗಂಧಾ ಆರಂಭವಾದಂದಿನಿಂದ, ನಮ್ಮ ಕುರ್ಲಾದ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ ಮಧ್ಯಾಹ್ನ ಹತ್ತಿದವನು ಮರುಮುಂಜಾನೆ ಉಡುಪಿ ತಲುಪುತ್ತಾನೆ. ಅಸ್ಥಿವಿಸರ್ಜನೆಗೆ ನಾಸಿಕದ ರಾಮಕುಂಡವೂ ಹತ್ತಿರವೇ ಇದೆ. ಕೃಷ್ಣೆ, ತುಂಗಭದ್ರೆಯರೂ ನಮ್ಮವರೇ.

ಮೂರನೆಯದು, ಕರ್ತೃ ಯಾರು ಎಂಬುದು. ಜ್ಯೇಷ್ಠಪುತ್ರನಿಗೆ ಮೊದಲ ಅಧಿಕಾರ. ಆದರೆ ಅವನು ಸಮುದ್ರದಾಚೆಯಿದ್ದರೆ? ಕಿರಿಯನು ದಹನವನ್ನು ನೆರವೇರಿಸಿ, ಹಿರಿಯನು ಬಂದಮೇಲೆ ಮುಂದಿನ ಕ್ರಿಯೆಗಳಲ್ಲಿ ಹೇಗೆ ಸೇರಬೇಕೆಂಬುದಕ್ಕೆ ಪುರೋಹಿತರ ಬಳಿ ಕ್ರಮವಿದೆ. ಪುತ್ರಸಂತಾನವಿಲ್ಲದವರಿಗೆ ಪತ್ನಿ, ಮಗಳ ಮಗ, ಸೋದರ, ಸೋದರನ ಮಗ ಮೊದಲಾದವರನ್ನು ಶಾಸ್ತ್ರ ಹೇಳುತ್ತದೆ. ಅನುಕ್ರಮದಲ್ಲಿ ಗ್ರಂಥಭೇದವಿರುವುದರಿಂದ ಆಚಾರ್ಯರ ನಿರ್ಣಯವನ್ನು ಪಡೆಯಬೇಕು. ಹೆಣ್ಣುಮಕ್ಕಳು ಮಾತ್ರ ಇರುವ ದಂಪತಿಗಳು ಇದನ್ನು ಇಂದೇ ಕೇಳಿ ತಿಳಿದುಕೊಂಡರೆ, ಆ ಹೆಣ್ಣುಮಕ್ಕಳು ನಾಳೆ ಹತ್ತು ಜನರ ಹತ್ತು ಮಾತುಗಳ ನಡುವೆ ಕಣ್ಣೀರಿಡಬೇಕಾಗುವುದಿಲ್ಲ.

ನಾಲ್ಕನೆಯದು, ನೇತ್ರದಾನ ಮತ್ತು ದೇಹದಾನ. ಇವೆರಡನ್ನೂ ಒಂದೇ ಎಂದು ಭಾವಿಸುವವರುಂಟು. ನೇತ್ರದಾನದಿಂದ ದಹನಕ್ಕೆ ಯಾವ ಬಾಧೆಯೂ ಇಲ್ಲ. ಮರಣವಾದ 6 ಗಂಟೆಯೊಳಗೆ ನೇತ್ರಭಂಡಾರದವರು ಮನೆಗೇ ಬಂದು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ನಿಲ್ಲಿಸಬೇಕು, ತಲೆಯ ಕೆಳಗೆ ದಿಂಬಿಡಬೇಕು. ಕನ್ನಡಕ ಹಾಕುವವರೂ ಪೊರೆಯ ಶಸ್ತ್ರಚಿಕಿತ್ಸೆಯಾದವರೂ ಕೊಡಬಹುದು. ಬದುಕಿದ್ದಾಗ ಪತ್ರಕ್ಕೆ ಸಹಿ ಮಾಡಿದ್ದರೂ ಕೊನೆಗೆ ಬೇಕಾಗುವುದು ಮನೆಯವರ ಒಪ್ಪಿಗೆ; ಆದುದರಿಂದ ಪತ್ರಕ್ಕಿಂತ ಮಾತು ಮುಖ್ಯ. 2006ರಲ್ಲಿ ಡಾ. ರಾಜಕುಮಾರರ, 2021ರಲ್ಲಿ ಪುನೀತ್ ರಾಜಕುಮಾರರ ಕಣ್ಣುಗಳು ಪರರ ಬಾಳಿಗೆ ಬೆಳಕಾದುದನ್ನು ಕನ್ನಡಿಗರೆಲ್ಲರೂ ಬಲ್ಲರು. “ಮುಂದಿನ ಜನ್ಮದಲ್ಲಿ ಕುರುಡರಾಗುತ್ತೇವೆಯೇ?” ಎಂದು ಕೇಳುವ ಹಿರಿಯರಿಗೆ ನನ್ನ ವಿನಂತಿ: ಸ್ಥೂಲದೇಹವೇ ಬೇರೆ, ಲಿಂಗದೇಹವೇ ಬೇರೆ, ಜೀವನ ಸ್ವರೂಪವೇ ಬೇರೆ ಎಂದು ನಮ್ಮ ಶಾಸ್ತ್ರ ಬೋಧಿಸುತ್ತದೆ. ಹೇಗೂ ಭಸ್ಮವಾಗುವ ಕಣ್ಣಿಗೆ ಇಷ್ಟು ಭಯವೇಕೆ?

ದೇಹದಾನದ ಮಾತು ಬೇರೆ. ಅಲ್ಲಿ ದೇಹ ವೈದ್ಯಕೀಯ ವಿದ್ಯಾಲಯಕ್ಕೆ ಹೋಗುತ್ತದೆ, ದಹನವಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ 1949ರ ಅಂಗರಚನಾ ಕಾಯಿದೆಯ ಆಧಾರವಿದೆ. ಲೋಕೋಪಕಾರದ ದೃಷ್ಟಿಯಿಂದ ಇದನ್ನು ಇಚ್ಛಿಸುವವರನ್ನು ನಾನು ಆಕ್ಷೇಪಿಸಲಾರೆ. ಆದರೆ ಸಂಸ್ಕಾರದ ಗತಿಯೇನೆಂಬುದನ್ನು ಮೊದಲು ವಿದ್ವಾಂಸರಲ್ಲಿ ಕೇಳಿ, ಮಕ್ಕಳ ಮನಸ್ಸನ್ನೂ ತಿಳಿದು ನಿಶ್ಚಯಿಸಬೇಕು. ಅಪಘಾತ, ಮರಣೋತ್ತರ ಪರೀಕ್ಷೆ, ಸೋಂಕುರೋಗಗಳಾದರೆ ವಿದ್ಯಾಲಯದವರು ದೇಹವನ್ನು ಸ್ವೀಕರಿಸದಿರಬಹುದು. ಎರಡನೆಯ ಏರ್ಪಾಡೂ ಇರಲೇಬೇಕು.

ಇನ್ನು ಕಾಗದಪತ್ರಗಳು. ಮನೆಯಲ್ಲಿ ಮರಣವಾದರೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು 4ಎ ನಮೂನೆಯಲ್ಲಿ ಮರಣಕಾರಣವನ್ನು ಬರೆದು ಕೊಡಬೇಕು. ಆಸ್ಪತ್ರೆಯಲ್ಲಾದರೆ ಅದು 4ನೆಯ ನಮೂನೆ. ಇದಿಲ್ಲದೆ ಸ್ಮಶಾನದಲ್ಲಿ ಕೆಲಸ ಮುಂದುವರಿಯದು. ಆದುದರಿಂದ ವಯಸ್ಸಾದವರಿಗೆ ನಿಯತವಾಗಿ ನೋಡುವ ವೈದ್ಯರೊಬ್ಬರು ಇರಲೇಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ 21 ದಿನಗಳೊಳಗೆ ಮರಣವನ್ನು ನೋಂದಾಯಿಸಬೇಕು. ಕುರ್ಲಾದವರಿಗೆ ಪಾಲಿಕೆಯ ಎಲ್ ವಾರ್ಡ್ ಕಚೇರಿ. ಸ್ಮಶಾನದ ಪುಸ್ತಕದಲ್ಲಿ ಬರೆಸುವ ಹೆಸರು ಆಧಾರ್ ಚೀಟಿಯಲ್ಲಿರುವಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರನ್ನು ಗಡಿಬಿಡಿಯಲ್ಲಿ ಬರೆಸಿ, ಪಿಂಚಣಿಗಾಗಿ ತಿಂಗಳುಗಟ್ಟಲೆ ಅಲೆದ ಮಾತೆಯರು ನಮ್ಮ ನಡುವೆಯೇ ಇದ್ದಾರೆ.

ವೆಚ್ಚದ ಬಗ್ಗೆ ಎರಡು ಮಾತು. ಹೊಸಬರಿಗೆ ಇಲ್ಲಿಯ ಅಂಗಡಿಗಳ ಮೇಲೆ “ಅಂತ್ಯವಿಧಿ ಸಾಹಿತ್ಯ” ಎಂಬ ಮರಾಠಿ ಫಲಕ ನೋಡಿ ಆಶ್ಚರ್ಯವಾಗುತ್ತದೆ. ಅಲ್ಲಿ ದೊರೆಯುವುದು ಪುಸ್ತಕವಲ್ಲ, ಚಟ್ಟದ ಬಿದಿರು, ಮಡಕೆ, ಬಟ್ಟೆ ಮೊದಲಾದ ಸಾಮಗ್ರಿ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಹಣ ಹೋಗುವುದು ಮುಂದಿನ ದಿನಗಳಲ್ಲಿ. ಗೋವು, ಭೂಮಿ, ತಿಲ, ಚಿನ್ನ, ತುಪ್ಪ, ವಸ್ತ್ರ, ಧಾನ್ಯ, ಬೆಲ್ಲ, ಬೆಳ್ಳಿ, ಲವಣ ಎಂಬ ದಶದಾನಗಳನ್ನು ಯಥಾಶಕ್ತಿ ಕೊಡಬೇಕೆಂದೇ ಹಿರಿಯರು ಹೇಳಿದ್ದಾರೆ. ಸಾಲ ಮಾಡಿ ಕೊಡಬೇಕೆಂದಲ್ಲ. ಕರಾವಳಿಯವರು ಬೊಜ್ಜವೆಂದು ಕರೆಯುವ ಕ್ರಿಯೆಯಾಗಲಿ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯಾಗಲಿ, ಎಲೆಗಳ ಸಂಖ್ಯೆಯಿಂದ ದೊಡ್ಡದಾಗುವುದಿಲ್ಲ. ಹತ್ತು ದಿನಗಳ ಅಪರಕ್ರಿಯೆಯನ್ನು ನಮ್ಮ ಕಟ್ಟಡಗಳ ಸಣ್ಣ ಮನೆಗಳಲ್ಲಿ ನಡೆಸುವುದು ಕಷ್ಟ. ಎಲ್ಲಿ ಅನುಕೂಲವಿದೆಯೆಂಬುದನ್ನೂ ಮೊದಲೇ ವಿಚಾರಿಸಿಡಬೇಕು.

2019ನೆಯ ಇಸವಿಯ ಎರಡು ಉದಾಹರಣೆಗಳನ್ನು ನಿಮ್ಮ ಮುಂದಿಡುತ್ತೇನೆ. ಆ ವರ್ಷದ ಡಿಸೆಂಬರ್ 29ರಂದು ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರನ್ನು ಮಣಿಪಾಲದ ಆಸ್ಪತ್ರೆಯಿಂದ ಉಡುಪಿಯ ಮಠಕ್ಕೆ ಕರೆತರಲಾಯಿತು. ಮಠದಲ್ಲಿಯೇ ಅವರು ಹರಿಪಾದ ಸೇರಿದರು. ಅವರ ಇಚ್ಛೆಯಂತೆ ಬೆಂಗಳೂರಿನ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ, ತಾವೇ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಯ ಅಂಗಳದಲ್ಲಿ, ವೃಂದಾವನವಾಯಿತು. ದೇಶವೇ ನೋಡುತ್ತಿದ್ದ, ಲಕ್ಷಾಂತರ ಭಕ್ತರ ಭಾವನೆಗಳಿದ್ದ ಆ ದಿನ, ಎಲ್ಲಿ ಎಂಬ ಗೊಂದಲ ಏಳಲಿಲ್ಲ. ಅದೇ ವರ್ಷದ ಜೂನ್ 10ರಂದು ನಾಟಕಕಾರ ಗಿರೀಶ ಕಾರ್ನಾಡರು ತೀರಿಕೊಂಡರು. ಯಾವ ವಿಧಿಯೂ ಸರಕಾರಿ ಗೌರವವೂ ಬೇಡವೆಂಬುದು ಅವರ ಇಚ್ಛೆಯಾಗಿತ್ತು. ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಹಾಗೆಯೇ ಆಯಿತು. ಅವರ ನಿಲುವಿಗೂ ನಮ್ಮ ಶ್ರದ್ಧೆಗೂ ಬಹಳ ದೂರ. ಆದರೂ ಈ ಒಂದು ವಿಷಯದಲ್ಲಿ ಯತಿಗಳೂ ನಾಟಕಕಾರರೂ ಒಂದೇ ಪಾಠ ಹೇಳುತ್ತಾರೆ: ಸ್ಪಷ್ಟವಾಗಿ ತಿಳಿಸಿಟ್ಟರೆ ಹಿಂದುಳಿದವರು ಅದನ್ನು ನಡೆಸಿಕೊಡುತ್ತಾರೆ.

ರವಿವಾರದ ಮೆಗಾಬ್ಲಾಕಿಗೆ ನೀವೆಲ್ಲ ರೈಲ್ವೆಯವರನ್ನು ಬೈದಿರುತ್ತೀರಿ. ಆದರೆ ಬ್ಲಾಕ್ ದೊರೆಯುವ ಮೊದಲು ಯಾವ ಸಾಮಾನು, ಯಾವ ಜನ, ಯಾರ ಅನುಮತಿ, ಕೆಲಸ ಮುಂದುವರಿಯದಿದ್ದರೆ ಬದಲಿ ಏನು ಎಂಬುದೆಲ್ಲ ಕಾಗದದ ಮೇಲೆ ಇರುತ್ತದೆ. ಗಾಡಿ ನಿಂತಮೇಲೆ ಯೋಚಿಸಲು ಸಮಯವಿರುವುದಿಲ್ಲ. ಅಂತಹ ಒಂದು ಹಾಳೆಯನ್ನು ಪ್ರತಿಯೊಂದು ಮನೆಯಲ್ಲಿ ಇಡಿ. ಅದರಲ್ಲಿ ಪೂರ್ಣ ಹೆಸರು, ಗೋತ್ರ, ನಕ್ಷತ್ರ; ವೈದ್ಯರ ಮತ್ತು ಪುರೋಹಿತರ ದೂರವಾಣಿ; ಯಾವ ಸ್ಮಶಾನ, ಕಟ್ಟಿಗೆಯೋ ಕುಲುಮೆಯೋ; ಕರ್ತೃ ಯಾರು, ಅವನು ಇಲ್ಲದಿದ್ದರೆ ಯಾರು; ಎಷ್ಟು ಹೊತ್ತು ಕಾಯಬೇಕು; ನೇತ್ರದಾನ ಹೌದೋ ಅಲ್ಲವೋ; ಪೇಸ್‌ಮೇಕರ್ ಇದೆಯೋ; ಅಸ್ಥಿ ಎಲ್ಲಿಗೆ; ಇಷ್ಟು ಸಾಕು. ಇದನ್ನು ಉಯಿಲಿನೊಳಗೆ ಸೇರಿಸಿ ಬೀಗ ಹಾಕಬೇಡಿ. ಉಯಿಲು ತೆರೆಯುವುದು ಹದಿಮೂರು ದಿನಗಳಾದ ಮೇಲೆ. ದೇವರ ಕೋಣೆಯ ಪಂಚಾಂಗದೊಳಗೆ ಇಡಿ. ಗಂಡಹೆಂಡಿರು ಇಬ್ಬರೂ ಬೇರೆ ಬೇರೆಯಾಗಿ ಬರೆಯಿರಿ. ಸುಮಂಗಲಿಯಾದ ಗೃಹಿಣಿಯ ಇಚ್ಛೆಯನ್ನು ನಾವು ಯಾರೂ ಕೇಳಿಯೇ ಇರುವುದಿಲ್ಲ. ನನ್ನ ಹಾಳೆಯಲ್ಲಿ ಹೀಗಿದೆ: ಕಣ್ಣುಗಳನ್ನು ಕೊಡಿ, ಹತ್ತಿರದ ಸ್ಮಶಾನ ಸಾಕು, ದೂರದವರಿಗಾಗಿ ರಾತ್ರಿ ಕಳೆಯಬೇಡಿ, ವಿಷ್ಣುಸಹಸ್ರನಾಮವನ್ನು ಮಾತ್ರ ಬಿಡಬೇಡಿ.

ಕೊನೆಯದಾಗಿ ಶ್ರೀಮಠದ ಮುಂದೆ ಒಂದು ಬಿನ್ನಹ. ಅನಾಥಪ್ರೇತ ಸಂಸ್ಕಾರಕ್ಕೆ ಅಶ್ವಮೇಧದ ಫಲವನ್ನು ಹಿರಿಯರು ಹೇಳಿದ್ದಾರೆ. ಇಂದು ಅನಾಥರೆಂದರೆ ಬಂಧುಗಳಿಲ್ಲದವರಷ್ಟೇ ಅಲ್ಲ. ಮಕ್ಕಳೆಲ್ಲ ಪರದೇಶದಲ್ಲಿದ್ದು ಎರಡನೆಯ ಮಹಡಿಯಿಂದ ಕೆಳಗಿಳಿಸಲು ನಾಲ್ಕು ಹೆಗಲು ದೊರೆಯದ ವೃದ್ಧರೂ ಆ ಹೊತ್ತಿಗೆ ಅನಾಥರೇ. ಹತ್ತು ಮಂದಿ ಯುವಕರ, ಇಬ್ಬರು ಮೂವರು ಪುರೋಹಿತರ, ಶವವಾಹನದ ದೂರವಾಣಿಗಳ ಪಟ್ಟಿಯೊಂದನ್ನು ಮಠದ ಫಲಕದಲ್ಲಿ ಹಾಕಿದರೆ ಅದು ದೊಡ್ಡ ಸೇವೆಯಾದೀತು. ಆ ಹತ್ತು ಹೆಸರುಗಳು ಇಂದಿನ ಸಭೆ ಮುಗಿಯುವುದರೊಳಗೆ ದೊರೆಯಲೆಂದು ಪ್ರಾರ್ಥಿಸುತ್ತೇನೆ.

ಅಂತ್ಯಕಾಲದಲ್ಲಿ ಯಾವುದನ್ನು ಸ್ಮರಿಸುತ್ತಾನೋ ಅದನ್ನೇ ಜೀವನು ಹೊಂದುತ್ತಾನೆಂದು ಗೀತೆಯ ಎಂಟನೆಯ ಅಧ್ಯಾಯದಲ್ಲಿ ಭಗವಂತನು ತಿಳಿಸಿದ್ದಾನೆ. ಹೊರಗಿನ ಏರ್ಪಾಡುಗಳ ಚಿಂತೆ ಮೊದಲೇ ಮುಗಿದಿದ್ದರೆ, ಆ ಗಳಿಗೆಯಲ್ಲಿ ಹೋಗುವವರಿಗೂ ಹತ್ತಿರ ಕುಳಿತವರಿಗೂ ಹರಿಸ್ಮರಣೆಗೆ ಮನಸ್ಸು ಬಿಡುವಾಗಿರುತ್ತದೆ. ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನ ಅಡಿಯಲ್ಲಿ ಈ ಮಾತುಗಳನ್ನು ಅರ್ಪಿಸುತ್ತೇನೆ.

॥ ಶ್ರೀ ಕೃಷ್ಣಾರ್ಪಣಮಸ್ತು ॥